ಡ್ಯೂಟಿ ಮುಗಿದ ಮೇಲೆ ಗಾಡಿಯಿಂದ ಇಳಿ

ಕಾರಿನಲ್ಲೇ ಮಲಗಿ ಕಾರಿನಲ್ಲೇ ಏಳುವುದು ನಾಚಿಕೆಪಡುವ ಸಂಗತಿ ಅಲ್ಲ, ಅಳಿಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ರೂಮು ಖಾಲಿ ಮಾಡಿದ ವಿಷಯವನ್ನು ನೀನು ನಿಮ್ಮಮ್ಮನಿಗೂ ಹೇಳಿಲ್ಲ, ನನಗೂ ಹೇಳಲಿಲ್ಲ. ದೇವನಹಳ್ಳಿ ಏರ್‌ಪೋರ್ಟಿನ ಟ್ಯಾಕ್ಸಿ ಪಾರ್ಕಿಂಗಿನಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಸುತ್ತು ಹಾಕಿದರೆ ಸಾಲುಸಾಲು ಹಳದಿ ಬೋರ್ಡಿನ ಗಾಡಿಗಳು, ಕಿಟಕಿಗೆ ಸಿಕ್ಕಿಸಿದ ಟವೆಲ್ಲು, ಡ್ಯಾಶ್‌ಬೋರ್ಡಿನ ಮೇಲೆ ಚಾಚಿದ ಕಾಲು. ನಮ್ಮ ನಾಗಮಂಗಲದ ಕಡೆಯವರು, ಚಿಂತಾಮಣಿಯವರು, ಶಿರಾದವರು, ರಾಯಚೂರಿನಿಂದ ಬಂದವರು. ಕೆಲವರಿಗೆ ಊರಿನಲ್ಲಿ ಹೆಂಡತಿ ಮಕ್ಕಳಿದ್ದಾರೆ, ಹದಿನೈದು ದಿನಕ್ಕೊಮ್ಮೆ ಹೋಗಿ ಮುಖ ತೋರಿಸಿ ಬರುತ್ತಾರೆ. ಬೆಂಗಳೂರಿನಲ್ಲಿ ಅವರ ವಿಳಾಸ ಅಂತ ಇದ್ದರೆ ಗಾಡಿಯ ನಂಬರ್ ಪ್ಲೇಟು ಒಂದೇ. ದುಡಿದು ತಿನ್ನುವ ಮಕ್ಕಳು. ಅವರನ್ನು ಯಾರಾದರೂ ಕೀಳಾಗಿ ನೋಡಿದರೆ ಆ ತಪ್ಪು ನೋಡಿದವರದು.

ನಾನು ಬೇಡ ಅನ್ನುತ್ತಿರುವುದು ಮಾನಕ್ಕೆ ಅಂಜಿ ಅಲ್ಲ, ಬೇರೆ ಕಾರಣಕ್ಕೆ. ಗಾಡಿಯೇ ಮನೆಯಾದರೆ ಡ್ಯೂಟಿ ಮುಗಿಯುವುದೇ ಇಲ್ಲ.

ಹಿಂದೆ ನಾವೂ ಗಾಡಿಯಲ್ಲಿ ಮಲಗಿದವರೇ. ಧರ್ಮಸ್ಥಳ, ಕುಕ್ಕೆ, ಶೃಂಗೇರಿ ಅಂತ ಮೂರು ದಿನದ ಟೂರು ಬಂದರೆ ಪಾರ್ಟಿಯವರು ಲಾಡ್ಜಿಗೆ, ಡ್ರೈವರು ಗಾಡಿಗೆ. ರಾತ್ರಿ ಬಾಟಾ ಕೊಡುತ್ತಿದ್ದದ್ದೇ ಅದಕ್ಕೆ. ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಮಂಡಿ ಮಡಿಸಿ ಆರಾಮಾಗಿ ನಿದ್ದೆ ಮಾಡಬಹುದಿತ್ತು. ಆ ಗಾಡಿ ತಯಾರಿಸುವುದನ್ನೇ 2014ರಲ್ಲಿ ನಿಲ್ಲಿಸಿದರು. ಈಗಿನ ಗಾಡಿಯ ಸೀಟು ಕೂರಲಿಕ್ಕೆ ಲಾಯಕ್ಕು, ಮಲಗಲಿಕ್ಕಲ್ಲ. ಆದರೆ ವ್ಯತ್ಯಾಸ ಇರುವುದು ಸೀಟಿನಲ್ಲಲ್ಲ. ಟೂರು ಮುಗಿದ ಮೇಲೆ ಗಾಡಿ ತೊಳೆದು, ಕೀ ಕೊಟ್ಟು, ಮನೆಗೆ ಬರುತ್ತಿದ್ದೆವು. ಮನೆ ಸೇರಿದವನನ್ನು ಮತ್ತೆ ಡ್ಯೂಟಿಗೆ ಕರೆಯಬೇಕಾದರೆ ಟ್ರಾವೆಲ್ಸಿನವರು ಬೀದಿ ತುದಿಯ ಅಂಗಡಿಗೆ ಫೋನ್ ಮಾಡಿ, ಅಂಗಡಿಯ ಹುಡುಗ ಬಂದು ಬಾಗಿಲು ಬಡಿಯಬೇಕಿತ್ತು. ಅಷ್ಟು ಹೊತ್ತಿಗೆ ನಿಮ್ಮತ್ತೆ 'ಅವರಿಲ್ಲ' ಅಂದು ಕಳಿಸಿಯೂ ಆಗಿರುತ್ತಿತ್ತು.

ನಿನಗೆ ಹಾಗೆ ಅಡ್ಡ ನಿಲ್ಲುವವರು ಯಾರೂ ಇಲ್ಲ. ಫೋನು ಸ್ಟ್ಯಾಂಡಿನಲ್ಲೇ ಇರುತ್ತದೆ, ತಲೆಯಿಂದ ಒಂದು ಮೊಳ ದೂರ. ಒಂದೂವರೆಗೆ ಕಣ್ಣು ಹತ್ತಿತು ಅಂತಿಟ್ಟುಕೋ. ಎರಡೂಕಾಲಿಗೆ ಅದು ಕೂಗುತ್ತದೆ, ವೈಟ್‌ಫೀಲ್ಡಿಗೆ ಒಳ್ಳೇ ಟ್ರಿಪ್ಪು. ಬೇಡ ಅನ್ನಲು ಕೈ ಬರುವುದಿಲ್ಲ, ಯಾಕೆಂದರೆ ನೀನು ಕೂತಿರುವುದು ಡ್ಯೂಟಿ ಮಾಡುವ ಜಾಗದಲ್ಲೇ. ಮುಖಕ್ಕೆ ನೀರು ಹಾಕಿಕೊಂಡು ಹೊರಡುತ್ತೀಯ. ಬೆಳಿಗ್ಗೆ ನಾಲ್ಕಕ್ಕೆ ಹೆಣ್ಣೂರು ರೋಡಿನಲ್ಲಿ ನಿನ್ನ ಕಣ್ಣು ತೆರೆದಿರುತ್ತದೆ, ನೀನು ನಿದ್ದೆಯಲ್ಲಿರುತ್ತೀಯ. ಸತತ 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಮ್ಮ ದೇಶದಲ್ಲಿ 30 ದಾಟಿದರೆ ಕೇಸು. ಕುಡಿದವನನ್ನು ಹಿಡಿಯಲು ಊದಿಸುವ ಮಿಷಿನ್ ಇದೆ, ನಿದ್ದೆಗೆಟ್ಟವನನ್ನು ಹಿಡಿಯಲು ಏನೂ ಇಲ್ಲ. ಚಾಲಕ ದಿನಕ್ಕೆ 12 ಗಂಟೆ ಮೀರಿ ಲಾಗಿನ್ ಇರಬಾರದು, ಆಮೇಲೆ 10 ಗಂಟೆ ವಿರಾಮ ಕೊಡಬೇಕು ಅಂತ ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿ ಹೇಳಿತ್ತು. ಒಂದು ಆ್ಯಪ್ ಆಫ್ ಮಾಡಿ ಇನ್ನೊಂದನ್ನು ಆನ್ ಮಾಡುವ ಹುಡುಗರಿಗೆ ಆ ಕಾಗದ ಏನು ಮಾಡೀತು?

ಲೆಕ್ಕಕ್ಕೆ ಬರೋಣ. ನೀನು ಲೆಕ್ಕ ಹಾಕಿಯೇ ಇದಕ್ಕೆ ಇಳಿದವನು, ಅದು ನನಗೆ ಗೊತ್ತು.

ಗಾಡಿ ಸಾಲ 6 ಲಕ್ಷ, ಬಡ್ಡಿ ಶೇ 12, ಅವಧಿ 5 ವರ್ಷ. ತಿಂಗಳ ಕಂತು ಸುಮಾರು 13,350 ರೂಪಾಯಿ. ಸಾಲ ತೀರುವ ಹೊತ್ತಿಗೆ ನೀನು ಕಟ್ಟಿರುವುದು 8 ಲಕ್ಷ. ಇದರ ಮೇಲೆ ಇನ್ಶೂರೆನ್ಸು, ಟೈರು, ಸರ್ವೀಸು, ಊರಿಗೆ ಕಳಿಸುವ ದುಡ್ಡು. ಇಷ್ಟೆಲ್ಲ ಕಳೆದು ಉಳಿಯುವುದರಲ್ಲಿ ಕೈಹಾಕಿ ಕಡಿಮೆ ಮಾಡಬಹುದಾದ್ದು ಒಂದೇ ಅಂತ ನಿನಗೆ ಕಂಡಿತು, ಅದು ರೂಮಿನ ಬಾಡಿಗೆ. ಮೂವರು ಸೇರಿ 9,000 ಕಟ್ಟುತ್ತಿದ್ದಿರಿ, ನಿನ್ನ ಪಾಲು 3,000. ಅಂದರೆ ದಿನಕ್ಕೆ 100 ರೂಪಾಯಿ.

ಈಗ ನೋಡು. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಗೊತ್ತು ಮಾಡಿದ ದರದಲ್ಲಿ 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರಿಗೆ ಇರುವುದೂ 100 ರೂಪಾಯಿಯೇ, ಆಮೇಲೆ ಕಿಲೋಮೀಟರಿಗೆ 24. ಮೇಖ್ರಿ ಸರ್ಕಲ್ಲಿನಿಂದ ಹೆಬ್ಬಾಳಕ್ಕೆ ಒಂದು ಸವಾರಿ ಹೊಡೆದರೆ ಆ ದಿನದ ಸೂರು ಬಂತು. ಆ ದರ ಪೂರ್ತಿ ಕೈಗೆ ಬರುತ್ತದೆಯಾ, ಪೆಟ್ರೋಲು ಯಾರಪ್ಪ ಹಾಕಿಸ್ತಾನೆ ಅಂತ ನೀನು ಕೇಳುತ್ತೀಯ. ಸರಿ, ಎರಡು ಸವಾರಿ ಅಂದುಕೋ, ಮೂರು ಅಂದುಕೋ. ಅದಕ್ಕೆ ಎದುರಾಗಿ ಗಾಡಿಯಲ್ಲಿ ಮಲಗುವ ಖರ್ಚನ್ನೂ ಬರೆ. ಏಪ್ರಿಲ್ ತಿಂಗಳ ಸೆಕೆಗೆ ಎ.ಸಿ. ಹಾಕಿಕೊಂಡು ಎರಡು ಗಂಟೆ ಒರಗಿದರೆ ಒಂದು ಲೀಟರ್ ಪೆಟ್ರೋಲು ಹೋಯಿತು, ಬೆಂಗಳೂರಿನಲ್ಲಿ ಅದು 100 ದಾಟಿ ಕಾಲವಾಯಿತು. ಸ್ನಾನಕ್ಕೆ ಒಂದಿಷ್ಟು, ಬಟ್ಟೆ ಒಗೆಯಲು ಒಂದಿಷ್ಟು, ಮೂರು ಹೊತ್ತು ಹೋಟೆಲು. ನಿದ್ದೆ ತಡೆಯಲು ಕುಡಿಯುವ ಟೀ, ಸೇದುವ ಸಿಗರೇಟು ಇವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಂದಿರಾ ಕ್ಯಾಂಟೀನು ಹತ್ತಿರವಿದ್ದರೆ ಅಲ್ಲಿ ತಿನ್ನು. 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟರು, ನಮ್ಮಂಥವರಿಗಾಗಿಯೇ ಇಟ್ಟದ್ದು. ಆದರೂ ರೂಮಿನಲ್ಲಿ ಮೂವರು ಸೇರಿ ಒಂದು ಕುಕ್ಕರು ಅನ್ನ, ಒಂದು ಪಾತ್ರೆ ಸಾರು ಮಾಡಿಕೊಂಡರೆ ಬೀಳುವ ಖರ್ಚಿಗೆ ಯಾವ ಹೋಟೆಲೂ ಸಮ ಬರುವುದಿಲ್ಲ. ಒಂದು ತಿಂಗಳು ಡೈರಿಯಲ್ಲಿ ಪೈಸೆ ಬಿಡದೆ ಬರೆದು ನನಗೆ ತೋರಿಸು. ರೂಮು ಬಿಟ್ಟು ಉಳಿಸಿದ್ದು 3,000 ಅಂತ ಬಂದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಇನ್ನೊಂದು ಲೆಕ್ಕ ಬಿಟ್ಟುಹೋಗಿದೆ. ನೀನು ಮಲಗಿ ಎದ್ದ ಸೀಟಿನಲ್ಲಿ ಕಸ್ಟಮರ್ ಬಂದು ಕೂರುತ್ತಾರೆ. ಒದ್ದೆ ಟವೆಲ್ಲಿನ ವಾಸನೆ, ರಾತ್ರಿ ತಿಂದ ಬಿರಿಯಾನಿಯ ವಾಸನೆ, ಮೈ ವಾಸನೆ ನಿನ್ನ ಮೂಗಿಗೆ ಹತ್ತುವುದಿಲ್ಲ, ಅವರ ಮೂಗಿಗೆ ಬಾಗಿಲು ತೆಗೆದ ಕ್ಷಣಕ್ಕೆ ಹತ್ತುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಇಳಿದ ಮೇಲೆ ಎರಡು ಸ್ಟಾರು ಕೊಟ್ಟು ಹೋಗುತ್ತಾರೆ. ರೇಟಿಂಗು ಇಳಿಯಿತು ಅಂದರೆ ಟ್ರಿಪ್ಪು ಕಡಿಮೆ, ಇನ್ನೂ ಇಳಿದರೆ ಐಡಿ ಬ್ಲಾಕು. ಆಗ ಆಫೀಸಿನ ಮುಂದೆ ಟೋಕನ್ ಹಿಡಿದು ನಿಲ್ಲಬೇಕು, ಕಂತಿನ ತಾರೀಖು ನಿನಗಾಗಿ ಕಾಯುವುದಿಲ್ಲ.

ಅಮೆರಿಕದಲ್ಲಿ ಜನ ವ್ಯಾನಿನಲ್ಲೇ ಸಂಸಾರ ಮಾಡುತ್ತಾರೆ, ಖುಷಿಯಾಗಿದ್ದಾರೆ ಅಂತ ನೀನು ಕಳಿಸಿದ ವಿಡಿಯೊ ನೋಡಿದೆ. ಖುಷಿಗೆ ಹೋದವರೂ ಇರಬಹುದು. ಆದರೆ ಅಲ್ಲಿಯ ಆ ಬದುಕಿನ ಮೇಲೆ ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ ಬರೆದ 'ನೊಮ್ಯಾಡ್‌ಲ್ಯಾಂಡ್' ಪುಸ್ತಕದಲ್ಲಿ ಬರುವವರು ಹೆಚ್ಚಿನವರು ವಯಸ್ಸಾದವರು, 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡವರು. ಅದೇ ಸಿನಿಮಾ ಆಗಿ ಆಸ್ಕರ್ ಬಂತು. ಅವರೂ ಬಾಡಿಗೆ ಕಟ್ಟಲಾಗದೆ ಗಾಡಿ ಹತ್ತಿದವರೇ. ಅಲ್ಲಿ ಮರಳುಗಾಡಿನ ಸರ್ಕಾರಿ ಜಮೀನಿನಲ್ಲಿ ಸಾಮಾನ್ಯವಾಗಿ 14 ದಿನ ಬಿಟ್ಟಿ ನಿಲ್ಲಬಹುದು, ಆಮೇಲೆ ಗಾಡಿ ಎತ್ತಬೇಕು. ನಿನಗೆ ಸಾದಹಳ್ಳಿ ಗೇಟಿನ ಹತ್ತಿರ 14 ನಿಮಿಷ ನಿಲ್ಲಿಸಲು ಯಾರು ಬಿಡುತ್ತಾರೆ ಹೇಳು? ಅದೂ ಅಲ್ಲದೆ ಅವರ ವ್ಯಾನಿನಲ್ಲಿ ಬಾಡಿಗೆ ಪ್ಯಾಸೆಂಜರ್ ಹತ್ತುವುದಿಲ್ಲ.

ರೂಮು ಇದ್ದರೂ ಕೆಲವು ರಾತ್ರಿ ಗಾಡಿಯಲ್ಲೇ ಕಳೆಯಬೇಕಾಗುತ್ತದೆ, ನಮ್ಮ ಕಸುಬೇ ಅಂಥದು. ಏರ್‌ಪೋರ್ಟಿನಲ್ಲಿ ಪಾಳಿ ಬರಲು ಗಂಟೆಗಟ್ಟಲೆ ಕಾಯಬೇಕು, ಮೈಸೂರಿಗೆ ಡ್ರಾಪ್ ಹೋದವನು ಬೆಳಗಾಗುವುದನ್ನು ಕಾಯಬೇಕು. ಆ ರಾತ್ರಿಗಳಿಗೆ ನಾನು ಹೇಳುವುದರಲ್ಲಿ ಒಂದು ಮಾತನ್ನು ಮಾತ್ರ ತಪ್ಪಿಯೂ ಮೀರಬೇಡ: ಇಂಜಿನ್ ಆನ್ ಇಟ್ಟು ನಿದ್ದೆ ಮಾಡಬೇಡ.

ಎ.ಸಿ. ಹಾಕಿ ಗಾಜು ಏರಿಸಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿ ಪೇಪರಿನಲ್ಲಿ ಓದಿರುತ್ತೀಯ. ಎ.ಸಿ.ಯಲ್ಲಿ ವಿಷ ಇರುವುದಿಲ್ಲ. ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಗಾಡಿ ಓಡುತ್ತಿರುವಾಗ ಹೊಗೆ ಹಿಂದೆ ಉಳಿಯುತ್ತದೆ. ನಿಂತಾಗ ಗಾಡಿಯ ಸುತ್ತಲೇ ಸುಳಿದಾಡುತ್ತದೆ. ಸೈಲೆನ್ಸರ್ ಪೈಪು ತುಕ್ಕು ಹಿಡಿದು ತೂತಾಗಿದ್ದರೆ, ಡಿಕ್ಕಿಯ ರಬ್ಬರು ಹರಿದಿದ್ದರೆ, ಹಿಂಬದಿ ಗೋಡೆಗೆ ಒತ್ತಿ ನಿಲ್ಲಿಸಿದ್ದರೆ, ಎತ್ತರದ ಹುಲ್ಲಿನಲ್ಲಿ ನಿಲ್ಲಿಸಿದ್ದರೆ ಒಳಗೆ ಬರಲು ದಾರಿ ಸಿಕ್ಕಂತೆಯೇ. ಮಾಲಿನ ಬೇಸ್‌ಮೆಂಟಿನಲ್ಲಿ, ಶಟರ್ ಹಾಕಿದ ಶೆಡ್ಡಿನಲ್ಲಿ ನಿನ್ನ ಗಾಡಿ ಎಷ್ಟೇ ಹೊಸದಾಗಿದ್ದರೂ ಅಪಾಯ. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸುವುದು, ಕೈಕಾಲು ಸೋತುಬರುವುದು, ಮಂಪರು. ದುಡಿದು ದಣಿದವನಿಗೆ ಇವೆಲ್ಲ ದಣಿವಿನ ಲಕ್ಷಣದಂತೆಯೇ ಕಾಣುತ್ತವೆ, ಮೋಸ ಇರುವುದು ಅಲ್ಲೇ. ಮಲಗಿದವನಿಗೆ ಅದೂ ಗೊತ್ತಾಗುವುದಿಲ್ಲ. ಗಾಜು ಎರಡು ಬೆರಳು ಇಳಿಸಿದ್ದೇನಲ್ಲ ಮಾವ ಅನ್ನಬೇಡ, ಆ ಸಂದಿನಿಂದ ಗಾಳಿಯಂತೆ ಹೊಗೆಯೂ ಒಳಗೆ ಬರುತ್ತದೆ. ಸಿಎನ್‌ಜಿ ಗಾಡಿಗೂ ಇದೇ ಮಾತು. ಕೀ ತೆಗೆದು ಜೇಬಿಗೆ ಹಾಕು, ನಾಲ್ಕೂ ಗಾಜು ಒಂದಿಷ್ಟು ಇಳಿಸು, ಆಮೇಲೆ ಕಣ್ಣು ಮುಚ್ಚು.

ಗಾಜು ಇಳಿಸಿದರೆ ಸೊಳ್ಳೆ ಬರುತ್ತದೆ, ನಿಜ. ಅದಕ್ಕೆ ಕೆಲವು ಹುಡುಗರು ಸೀಟಿನ ಕೆಳಗೆ ಕಾಯಿಲ್ ಹಚ್ಚಿಡುತ್ತಾರೆ. ಬೆಂಕಿಯ ಮಾತು ಹಾಗಿರಲಿ, ಒಂದು ಕಾಯಿಲ್ ಪೂರ್ತಿ ಉರಿದರೆ ಹೊರಬರುವ ಸಣ್ಣ ಹೊಗೆಕಣ 75ರಿಂದ 137 ಸಿಗರೇಟಿನಷ್ಟು ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಅದೂ ಮನೆಯ ಕೋಣೆಯನ್ನು ಮನಸ್ಸಿನಲ್ಲಿಟ್ಟು ಹೇಳಿದ ಮಾತು. ಬಾಗಿಲ ಚೌಕಟ್ಟಿಗೆ ತೊಡಿಸುವ ಬಲೆ ಸಿಗುತ್ತದೆ, ಎರಡು ಜೊತೆ ತಗೋ. ಅಷ್ಟು ಸಾಕು.

ಮಲಗುವಾಗ ಸ್ಟೇರಿಂಗ್ ಹಿಂದೆ ಮಲಗಬೇಡ. ಎಡಗಡೆ ಸೀಟಿನ ಹೆಡ್‌ರೆಸ್ಟ್ ಕಿತ್ತು, ಸೀಟನ್ನು ಮುಂದಕ್ಕೆಳೆದು ಪೂರ್ತಿ ಒರಗಿಸಿದರೆ ಬಹಳಷ್ಟು ಗಾಡಿಗಳಲ್ಲಿ ಅದು ಹಿಂದಿನ ಸೀಟಿಗೆ ಕೂಡಿಕೊಳ್ಳುತ್ತದೆ, ಸಂದಿಗೆ ಒಂದು ರಗ್ಗು ತುರುಕು. ಕಾಲು ಇಳಿಬಿಟ್ಟು ಕೂತೇ ನಿದ್ದೆ ಮಾಡುವ ಅಭ್ಯಾಸ ಬಿಡು. ಅದರಿಂದ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ಡಾಕ್ಟರಿಗೆ ತೋರಿಸು. ಮೂತ್ರ ಬರುತ್ತದೆ ಅಂತ ನೀರು ಕುಡಿಯದೇ ಇರುವುದು ನಮ್ಮ ಕಸುಬಿನವರ ದೊಡ್ಡ ರೋಗ. ಕಿಡ್ನಿಯಲ್ಲಿ ಕಲ್ಲಾದ ಡ್ರೈವರುಗಳು ಎಷ್ಟು ಮಂದಿ ಅಂತ ಯಾವ ಸ್ಟ್ಯಾಂಡಿನಲ್ಲಿ ಬೇಕಾದರೂ ಕೇಳು. ಎಲ್ಲೆಲ್ಲಿ ಶೌಚಾಲಯ ಶುಚಿಯಾಗಿದೆ ಅನ್ನುವುದನ್ನು ಪೆಟ್ರೋಲ್ ಬಂಕಿನ ಹಾಗೆ ನೆನಪಿಟ್ಟುಕೊಂಡು ಓಡಿಸಬೇಕು. ಎದೆ ಹಿಂಡಿದರೆ ಗ್ಯಾಸು ಅಂತ ಸೋಡಾ ಕುಡಿಯಬೇಡ. ಜಯದೇವ ಆಸ್ಪತ್ರೆಯವರು ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರನ್ನು ಅಧ್ಯಯನ ಮಾಡಿದಾಗ ಆಟೊ, ಕ್ಯಾಬ್ ಓಡಿಸುವವರು ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿದರು. ನಿನಗೆ ಇಪ್ಪತ್ತಾರು ಅಂತ ಹೃದಯಕ್ಕೆ ಗೊತ್ತಿರುವುದಿಲ್ಲ.

ಎಲ್ಲಿ ನಿಲ್ಲಿಸುತ್ತೀಯ ಅನ್ನುವುದೂ ಮುಖ್ಯ. ಹೈವೇ ಅಂಚಿನಲ್ಲಿ, ಫ್ಲೈಓವರ್ ಇಳಿಜಾರಿನಲ್ಲಿ ಬೇಡವೇ ಬೇಡ, ಹಿಂದಿನಿಂದ ಬರುವ ಲಾರಿಯವನೂ ನಿನ್ನಂತೆಯೇ ನಿದ್ದೆಗೆಟ್ಟವನು. ಬಂಕಿನವರನ್ನು ಕೇಳಿ ನಿಲ್ಲಿಸು, ಮರ್ಯಾದೆಯಿಂದ ಕೇಳಿದರೆ ಬಹಳ ಮಂದಿ ಬೇಡ ಅನ್ನುವುದಿಲ್ಲ. ಎಲ್ಲಿದ್ದೇನೆ ಅನ್ನುವುದು ಒಬ್ಬರಿಗಾದರೂ ಗೊತ್ತಿರಲಿ. ಫೋನಿನಲ್ಲಿ ಲೊಕೇಶನ್ ಕಳಿಸಿ ಮಲಗು.

ಕಂತಿನ ಬಗ್ಗೆ ಎರಡು ಮಾತು. 2014–15ರಲ್ಲಿ ಆ್ಯಪ್ ಕಂಪನಿಗಳ ಇನ್ಸೆಂಟಿವ್ ನೋಡಿ ನಮ್ಮೂರಿನ ಹುಡುಗರು ಮಳೆ ನಂಬಿದ ರಾಗಿ ಹೊಲ ಅಡ ಇಟ್ಟು ಗಾಡಿ ತಂದರು. ಆ ಇನ್ಸೆಂಟಿವ್ ಇಳಿಯಿತು. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಚಾಲಕರು ಮುಷ್ಕರಕ್ಕೆ ಕೂತರು. ಆಮೇಲೆ ಕೊರೊನಾ. 2020ರ ಮಾರ್ಚಿನಿಂದ ಆಗಸ್ಟಿನವರೆಗೆ ಕಂತು ಮುಂದೂಡಬಹುದು ಅಂತ ರಿಸರ್ವ್ ಬ್ಯಾಂಕು ಹೇಳಿತು, ಆದರೆ ಬಡ್ಡಿ ಓಡುತ್ತಲೇ ಇತ್ತು. ರಾಜ್ಯ ಸರ್ಕಾರ ಆಟೊ, ಟ್ಯಾಕ್ಸಿ ಚಾಲಕರಿಗೆ 5,000 ಕೊಟ್ಟಿತು, ಆಗಿನ ಅರ್ಧ ಕಂತಿಗೂ ಅದು ಸಾಲುತ್ತಿರಲಿಲ್ಲ. ಆಮೇಲೆ ಎಷ್ಟೋ ಗಾಡಿ ಸೀಜ್ ಆದವು. ಗಾಡಿಯಲ್ಲೇ ವಾಸವಿರುವವನ ಗಾಡಿ ಸೀಜ್ ಆದರೆ ಕೆಲಸ ಮತ್ತು ಮನೆ ಒಂದೇ ಬೆಳಿಗ್ಗೆ ಹೋಗುತ್ತವೆ, ಹಾಸಿಗೆ ಬಟ್ಟೆ ಸಮೇತ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮೂರು ಕಂತಿನಷ್ಟು ದುಡ್ಡು ಪೋಸ್ಟಾಫೀಸಿನಲ್ಲಿ ಸೇರುವವರೆಗೆ ಹೊಸ ಫೋನು, ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ಮು ಯಾವುದೂ ಬೇಡ. ಕಂತು ಕಟ್ಟಲಾಗದ ತಿಂಗಳು ಬಂದರೆ ಫೋನು ಆಫ್ ಮಾಡದೆ, ತಾರೀಖಿಗೆ ಮೊದಲೇ ಫೈನಾನ್ಸಿನವರ ಬಳಿ ನೀನೇ ಹೋಗಿ ಮಾತಾಡು. ಬಡ್ಡಿ ವ್ಯವಹಾರದವರ ಬಳಿ ಮಾತ್ರ ಹೋಗಬೇಡ.

ಕಾಗದಪತ್ರ ಗಾಡಿಯಲ್ಲಿ ಚೆಲ್ಲಾಡುತ್ತಿರುತ್ತವೆ, ಎಲ್ಲವನ್ನೂ ಡಿಜಿಲಾಕರಿಗೆ ಹಾಕಿಡು. ನಿನ್ನ ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಚಾಲಕರಿಗಾಗಿ ಸರ್ಕಾರ 2024ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆ ಒಂದು ಕಾಯ್ದೆ ತಂದಿದೆ, 2025ರಲ್ಲಿ ಆ್ಯಪ್‌ಗಳಲ್ಲಿ ದುಡಿಯುವವರಿಗೆ ಇನ್ನೊಂದು; ಎರಡನೆಯದರಲ್ಲಿ ಕಂಪನಿಗಳು ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ಹೆಸರು ನೋಂದಾಯಿಸಿದವನಿಗೆ ಮಾತ್ರ ಇದರಿಂದೆಲ್ಲ ಏನಾದರೂ ಸಿಗುವುದು. ನೀನು ಇನ್ನೂ ನೋಂದಾಯಿಸಿಲ್ಲ ಅಂತ ನನಗೆ ಅನುಮಾನ.

ಈಗ ರೂಮಿನ ವಿಷಯ. ಯಲಹಂಕದ ಆಚೆ ಒಂದು ಇದೆ, ಶೀಟ್ ಮನೆ, ಆದರೆ ಗಾಳಿ ಬೆಳಕು ಚೆನ್ನಾಗಿದೆ. ನಮ್ಮ ಕಡೆಯ ಇಬ್ಬರು ಹುಡುಗರು ಆಗಲೇ ಇದ್ದಾರೆ, ಒಬ್ಬ ರಾತ್ರಿ ಪಾಳಿ, ಇನ್ನೊಬ್ಬ ಹಗಲು, ಆದ್ದರಿಂದ ಯಾವ ಹೊತ್ತಿಗೆ ಹೋದರೂ ಒಂದು ಚಾಪೆಯ ಜಾಗಕ್ಕೆ ಮೋಸವಿಲ್ಲ. ಮೊದಲಿದ್ದ ರೂಮಿಗಿಂತ ಬಾಡಿಗೆ ಸ್ವಲ್ಪ ಕಡಿಮೆ. ಮುಂಗಡದಲ್ಲಿ ನಿನ್ನ ಪಾಲು 10,000, ಅದನ್ನು ನಾನು ಕಟ್ಟುತ್ತೇನೆ; ತಿಂಗಳಿಗೆ ಒಂದು ಸಾವಿರದಂತೆ ತೀರಿಸು, ಬಡ್ಡಿ ಇಲ್ಲ, ಮಾಫಿಯೂ ಇಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಗಾಡಿ ನಿಲ್ಲಿಸಲು ಓನರು ಒಪ್ಪಿದ್ದಾರೆ. ನನ್ನದು ಒಂದೇ ಷರತ್ತು: ರೂಮಿನ ಒಳಗೆ ಆ್ಯಪ್ ಆನ್ ಇರಬಾರದು. ಭಾನುವಾರ ಹತ್ತು ಗಂಟೆಗೆ ಬಾ. ಆಧಾರ್, ಲೈಸೆನ್ಸು ಎರಡರದೂ ಜೆರಾಕ್ಸು ತಾ, ನೋಂದಣಿ ಮಾಡಿಸುವುದಕ್ಕೂ ಅವೇ ಆಗುತ್ತವೆ. ಬರುವ ದಾರಿಯಲ್ಲಿ ಗ್ಯಾರೇಜಿನಲ್ಲಿ ಗಾಡಿ ಮೇಲೆತ್ತಿಸಿ ಸೈಲೆನ್ಸರ್ ಪೈಪು ತೋರಿಸಿಕೊಂಡು ಬಾ, ಹೋದ ಸಲ ನೀನು ಬಂದಾಗಲೇ ಅದು ಸದ್ದು ಮಾಡುತ್ತಿತ್ತು.